ಖಿನ್ನತೆಗೆ ಕಂಪ್ಯೂಟರ್ ತರಬೇತಿ: ಹಣ ಕಟ್ಟುವ ಮೊದಲು ಇದನ್ನು ಓದಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ನಿವೃತ್ತಿಯ ಮರುವರ್ಷ ನನ್ನನ್ನು ಖಿನ್ನತೆ ಹಿಡಿಯಿತು. ನಸುಕಿನ ಮೂರೂವರೆಗೇ ಎಚ್ಚರವಾಗುವುದು, ಪತ್ರಿಕೆಯ ಒಂದೇ ಸುದ್ದಿಯನ್ನು ಮೂರು ಸಲ ಓದಿದರೂ ತಲೆಗೆ ಹತ್ತದಿರುವುದು, ತೋಟಕ್ಕೆ ನೀರು ಬಿಡಲು ಪಂಪಿನ ಶೆಡ್ಡಿನವರೆಗೆ ನಡೆಯುವುದೂ ಬೆಟ್ಟ ಹತ್ತಿದಂತೆ ಅನಿಸುವುದು, ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಮಂಗಳೂರಿನ ಮನೋವೈದ್ಯರೊಬ್ಬರನ್ನು ಕಂಡೆ. ಅವರು ಕೊಟ್ಟ ಮಾತ್ರೆಯಿಂದ ಆರು ವಾರಗಳಲ್ಲಿ ನಿದ್ದೆ ಸುಧಾರಿಸಿತು. ಮರೆವು ಮಾತ್ರ ಹೋಗಲಿಲ್ಲ. ಮರೆವು ಎಂಬ ಆ ಒಂದು ದೂರನ್ನು ಹಿಡಿದುಕೊಂಡೇ ನಾನು ನಮ್ಮ ಜಿಲ್ಲೆಯ ಪಟ್ಟಣವೊಂದರ ‘ಮೆದುಳಿನ ತರಬೇತಿ’ ಕೇಂದ್ರದ ಮೆಟ್ಟಿಲು ಹತ್ತಿದೆ.

ಅವರ ಕರಪತ್ರದಲ್ಲಿ, ಕಂಪ್ಯೂಟರ್ ತರಬೇತಿಯು ಖಿನ್ನತೆಗೆ ಮಾತ್ರೆಯಷ್ಟೇ ಕೆಲಸ ಮಾಡುತ್ತದೆಂದು ಅಮೆರಿಕದ ಅಧ್ಯಯನದಿಂದ ಸಿದ್ಧವಾಗಿದೆ ಎಂದಿತ್ತು. ನಲವತ್ತು ನಿಮಿಷಗಳ 36 ತರಗತಿಗಳಿಗೆ 27,000 ರೂಪಾಯಿ, ಎಲ್ಲವೂ ಮುಂಗಡ. ಮೊದಲ ದಿನ ಇಂಗ್ಲಿಷಿನಲ್ಲಿದ್ದ ಒಂದು ಪ್ರಶ್ನಾವಳಿಯನ್ನು ತುಂಬಿಸಿದರು. ಅದು ಪಿಎಚ್‌ಕ್ಯೂ-9 ಎಂಬ, ವೈದ್ಯರೂ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೆಂದು ನನಗೆ ತಿಳಿದದ್ದು ಆಮೇಲೆ. ಸತ್ತುಹೋದರೆ ಒಳ್ಳೆಯದೆಂಬ ಯೋಚನೆ ಬರುತ್ತದೆಯೇ ಎಂದು ಕೇಳುವುದು ಅದರ ಒಂಬತ್ತನೆಯ ಪ್ರಶ್ನೆ. ‘ಕೆಲವು ದಿನ ಬರುತ್ತದೆ’ ಎಂಬಲ್ಲಿ ನಾನು ಗುರುತು ಹಾಕಿದ್ದೆ. ಹಾಳೆ ಕಡತಕ್ಕೆ ಸೇರಿತು. ಅದರ ಬಗ್ಗೆ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ಈ ಸಂಗತಿಯೇ ಇಂದಿಗೂ ನನ್ನನ್ನು ಕಾಡುತ್ತಿದೆ.

ತರಬೇತಿಯೆಂದರೆ ಆಟಗಳು. ಪರದೆಯ ಮೇಲೆ ಐದು ಮೀನುಗಳು ಸಾಲಾಗಿ ಬರುತ್ತವೆ. ಅಕ್ಕಪಕ್ಕದವು ಎತ್ತ ಮುಖ ಮಾಡಿದ್ದರೂ ನಡುವಿನ ಮೀನು ಎತ್ತ ನೋಡುತ್ತಿದೆಯೋ ಆ ಕಡೆಯ ಗುಂಡಿಯನ್ನು ಒತ್ತಬೇಕು. ಇನ್ನೊಂದರಲ್ಲಿ, ಈಗ ಕಂಡ ಅಕ್ಷರ ಎರಡು ಹೆಜ್ಜೆ ಹಿಂದೆ ಬಂದದ್ದೇ ಹೌದೋ ಅಲ್ಲವೋ ಎಂದು ಹೇಳಬೇಕು. ಮತ್ತೊಂದರಲ್ಲಿ ಅಮೆರಿಕನ್ನರ ಉಚ್ಚಾರಣೆಯ ಇಂಗ್ಲಿಷ್ ಪದಗಳನ್ನು ಕೇಳಿಸಿಕೊಂಡು ನೆನಪಿಡಬೇಕು. ಕನ್ನಡವಿರಲಿ, ಮಲಯಾಳದಲ್ಲೂ ಆ ಆಟವಿರಲಿಲ್ಲ. ಮೊದಲ ವಾರ ನನಗೆ ಮೌಸ್ ಹಿಡಿದೂ ಅಭ್ಯಾಸವಿರಲಿಲ್ಲವಾದ್ದರಿಂದ ಬಂದ ಅಂಕ ನೂರಕ್ಕೆ 31. ಹದಿನೈದನೆಯ ತರಗತಿಯ ಹೊತ್ತಿಗೆ, ಕಣ್ಣನ್ನು ಅರ್ಧ ಮುಚ್ಚಿ ಪರದೆಯ ನಡುವನ್ನಷ್ಟೇ ದಿಟ್ಟಿಸಿದರೆ ಉಳಿದ ಮೀನುಗಳು ಕಾಟ ಕೊಡುವುದಿಲ್ಲವೆಂಬ ಗುಟ್ಟು ಸಿಕ್ಕಿತು. ಅಂಕ 70 ದಾಟಿತು. ಹಳೆಯ ಪ್ರಶ್ನೆಪತ್ರಿಕೆಯನ್ನೇ ಹತ್ತು ಸಲ ಬಿಡಿಸಿದ ಹುಡುಗನಿಗೆ ಆ ಪತ್ರಿಕೆಯಲ್ಲಿ ಅಂಕ ಬಂದೇ ಬರುತ್ತದೆ. ಮೇಷ್ಟ್ರಾಗಿದ್ದ ನನಗೆ ಇದು ಆಗಲೇ ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ಅಲ್ಲಿನ ‘ಬ್ರೈನ್ ಕೋಚ್’ ಏರುತ್ತಿರುವ ಗೆರೆಯ ಹಾಳೆಯನ್ನು ನನ್ನ ಮುಂದಿಟ್ಟು, “ನೋಡಿ ಮಾಷೆ, ಮೆದುಳು ಸರಿಯಾಗ್ತಾ ಉಂಟು, ಇನ್ನು ಆ ಮಾತ್ರೆಯ ಅಗತ್ಯ ಇಲ್ಲ” ಎಂದರು. ವೈದ್ಯರನ್ನು ಕೇಳದೆ ಆ ದಿನವೇ ಮಾತ್ರೆ ಬಿಟ್ಟೆ. ಮೂರನೆಯ ದಿನದಿಂದ ತಲೆ ಸುತ್ತತೊಡಗಿತು. ಕತ್ತು ತಿರುಗಿಸಿದರೆ ತಲೆಯೊಳಗೆ ವಿದ್ಯುತ್ ಹೊಡೆದಂತೆ ಆಗುತ್ತಿತ್ತು. ಅದು ಹೇಗೋ ಕಡಿಮೆಯಾಯಿತು, ಆದರೆ ಹಿಂದಿನಿಂದಲೇ ಹಳೆಯ ಕತ್ತಲು ಮರಳಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕೇಂದ್ರದಲ್ಲಿ ಅದುವರೆಗಿನ ಅತಿ ಹೆಚ್ಚಿನ ಅಂಕ 78 ಪಡೆದು ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದೆ. ಮೋಡ ಕವಿಯಿತು, ಮಳೆಯ ದಪ್ಪ ಹನಿಗಳು ಬಿದ್ದವು, ಅಂಗಳ ತುಂಬ ಒಣಹಾಕಿದ್ದ ಅಡಿಕೆ ನನ್ನ ಕಣ್ಣೆದುರೇ ನೆನೆಯಿತು, ಆದರೂ ಏಳಲಾಗಲಿಲ್ಲ. ಹೆಂಡತಿ ಒಬ್ಬಳೇ ಟಾರ್ಪಾಲು ಎಳೆದು, ಒದ್ದೆಯಾಗಿ ಬಂದು, “ನಿಮ್ಮ ಮಾರ್ಕು ಏರಿದ್ರೆ ಅಡಿಕೆ ತನ್ನಷ್ಟಕ್ಕೆ ಒಳಗೆ ಬರ್ತದಾ?” ಎಂದು ಕೇಳಿದಳು. ಬೈದದ್ದಲ್ಲ, ಅಳುತ್ತಾ ಕೇಳಿದ್ದು.

ಮರುದಿನವೇ ಅವಳು ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋದಳು. ಈ ಜಾತಿಯ ಮಾತ್ರೆಗಳನ್ನು ಥಟ್ಟನೆ ಬಿಡಬಾರದು, ವೈದ್ಯರ ಕಣ್ಗಾವಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು ಎಂದು ವೈದ್ಯರು ವಿವರಿಸಿದರು. ಗಮನ ನಿಲ್ಲದಿರುವುದು ಮತ್ತು ಮರೆವು ಖಿನ್ನತೆಯ ಲಕ್ಷಣಗಳೇ ಆಗಿದ್ದು, ಮನಸ್ಸು ಹಗುರವಾದ ಮೇಲೂ ಕೆಲವರಲ್ಲಿ ಅವು ಸ್ವಲ್ಪ ಕಾಲ ಉಳಿಯುತ್ತವೆ ಎಂದೂ ಹೇಳಿದರು. ಮರೆವಿಗೆ ಬೇರೆ ಕಾರಣವೂ ಇದೆಯೇ ಎಂದು ನೋಡಲು ಥೈರಾಯ್ಡ್ ಮತ್ತು ಬಿ12 ಜೀವಸತ್ವದ ರಕ್ತಪರೀಕ್ಷೆ ಬರೆದುಕೊಟ್ಟರು. ನನಗೆ ಬಿ12 ಕಡಿಮೆಯಿತ್ತು. 36 ತರಗತಿಗಳನ್ನು ಮಾರಿದವರಿಗೆ ಇದು ತೋಚಿರಲಿಲ್ಲ.

ಕರಪತ್ರದ ‘ಅಮೆರಿಕದ ಅಧ್ಯಯನ’ವನ್ನು ಮಗಳು ಹುಡುಕಿ ಓದಿದಳು. 2014ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಆ ಅಧ್ಯಯನ ಇರುವುದು ನಿಜ, ಆದರೆ ಅದರಲ್ಲಿ ತರಬೇತಿ ಪಡೆದವರು ಔಷಧಕ್ಕೆ ಬಗ್ಗದ ಖಿನ್ನತೆಯಿದ್ದ ಹನ್ನೊಂದೇ ಮಂದಿ ಹಿರಿಯರು; ಅವರನ್ನು ಹೋಲಿಸಿದ್ದು ಹಿಂದೊಮ್ಮೆ ಮಾತ್ರೆ ಪಡೆದಿದ್ದ ಬೇರೆ ರೋಗಿಗಳ ಜೊತೆ. ಅಲ್ಲಿ ಬಳಸಿದ್ದು ಸಂಶೋಧಕರೇ ರೂಪಿಸಿದ ಕಾರ್ಯಕ್ರಮವನ್ನು. ನಮ್ಮ ಪಟ್ಟಣದ ಮೀನಿನ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥ ತರಬೇತಿಯ ಒಂಬತ್ತು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2016ರ ವಿಶ್ಲೇಷಣೆಯೊಂದು ಖಿನ್ನತೆಯ ಲಕ್ಷಣಗಳಲ್ಲಿ ಸಣ್ಣದರಿಂದ ಮಧ್ಯಮ ಮಟ್ಟದ ಸುಧಾರಣೆಯನ್ನು ಕಂಡಿದೆ. ಆದ್ದರಿಂದ ಈ ವಿದ್ಯೆಯೇ ಬೊಗಳೆಯೆಂದು ನಾನು ಹೇಳಲಾರೆ. ಮಾತ್ರೆ ಬಿಡಿಸುವಷ್ಟು ಗಟ್ಟಿಯಾದ ಆಧಾರ ಅದಕ್ಕಿಲ್ಲ ಎಂದಷ್ಟೇ ಹೇಳಬಲ್ಲೆ. 2010ರಲ್ಲಿ 11,430 ಮಂದಿಯನ್ನು ಆರು ವಾರ ಇಂಥ ಆಟಗಳಿಗೆ ಕೂರಿಸಿದ ಬ್ರಿಟನ್ನಿನ ಪ್ರಯೋಗದಲ್ಲಿ, ಆಡಿದ ಆಟದಲ್ಲಿ ಜನ ಚುರುಕಾದರೇ ಹೊರತು ಆ ಚುರುಕು ಬೇರೆ ಕೆಲಸಗಳಿಗೆ ಹರಿಯಲಿಲ್ಲ. 2016ರ ಜನವರಿಯಲ್ಲಿ ಲ್ಯುಮಾಸಿಟಿ ಎಂಬ, ಮೆದುಳಿನ ಆಟಗಳ ಪ್ರಸಿದ್ಧ ಆ್ಯಪ್‌ನ ಕಂಪನಿಯು ತಪ್ಪು ಜಾಹೀರಾತಿನ ಆರೋಪಕ್ಕಾಗಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡು 20 ಲಕ್ಷ ಡಾಲರ್ ತೆತ್ತಿತ್ತು.

ಯಾರಾದರೂ ನಿಮ್ಮನ್ನು ಇಂಥ ಕೇಂದ್ರಕ್ಕೆ ಕರೆದರೆ, ಅಲ್ಲಿ ಕುಳಿತವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನೋವಿಜ್ಞಾನಿಗಳೇ ಎಂದು ಮೊದಲು ಕೇಳಿ. ‘ಕೋಚ್’ ಎಂಬ ಹೆಸರಿಗೆ ಯಾವ ನೋಂದಣಿಯೂ ಬೇಡ. ಮಾತ್ರೆಯ ವಿಷಯದಲ್ಲಿ ಬರೆದುಕೊಟ್ಟ ವೈದ್ಯರ ಮಾತು ಬಿಟ್ಟು ಬೇರೆ ಯಾರದ್ದನ್ನೂ ಕೇಳಬೇಡಿ. ಒಂಬತ್ತನೆಯ ಪ್ರಶ್ನೆಗೆ ನಾನು ಕೊಟ್ಟಂಥ ಉತ್ತರ ನಿಮ್ಮಲ್ಲೂ ಇದ್ದರೆ ತರಬೇತಿ, ಅಂಕ ಎಲ್ಲವನ್ನೂ ಬದಿಗಿಟ್ಟು ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಕೇರಳದ ದಿಶಾ ಸಹಾಯವಾಣಿಯ ಸಂಖ್ಯೆ 1056.

ಉಳಿದ ಹನ್ನೊಂದು ತರಗತಿಗಳ ಹಣವನ್ನು ಮರಳಿ ಕೇಳಲು ಹೋದಾಗ ಅವರು ರಸೀದಿಯನ್ನು ತಿರುವಿ ತೋರಿಸಿದರು. ಕಟ್ಟಿದ ಹಣ ಹಿಂದಿರುಗಿಸಲಾಗುವುದಿಲ್ಲವೆಂದು ಅದರ ಹಿಂಬದಿಯಲ್ಲಿ, ಸಾಸಿವೆಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿತ್ತು.