ಕ್ರೋನಿ: ಕರೆಂಟು, ನೆಟ್ಟು ಎರಡೂ ಕೈಕೊಡುವ ಊರಿನಲ್ಲಿ ಕಂಪ್ಯೂಟರಿನ ಗಡಿಯಾರ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನ ಅಣ್ಣ ನಡೆಸುವ ಲೆಕ್ಕಪತ್ರದ ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಮೂರರಲ್ಲಿ ವಿಂಡೋಸ್ ಇದೆ; ನಾಲ್ಕನೆಯದು ಹಳೆಯ ಡೆಸ್ಕ್‌ಟಾಪ್, ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಎಲ್ಲರ ಕಡತಗಳನ್ನು ಒಂದೆಡೆ ಇಡುವ ಸರ್ವರ್ ಆಗಿ ಬಳಸುತ್ತಿದ್ದೇವೆ. ಎರಡು ಮಳೆಗಾಲಗಳ ಹಿಂದೆ ರಾತ್ರಿಯಿಡೀ ಕರೆಂಟು ಹೋಗಿ, ಬೆಳಿಗ್ಗೆ ಆ ಸರ್ವರ್ ಚಾಲೂ ಆದಾಗ ಅದರ ಗಡಿಯಾರ ಹಲವು ವರ್ಷ ಹಿಂದಿನ ದಿನಾಂಕ ಹಿಡಿದು ಕುಳಿತಿತ್ತು. ಮದರ್‌ಬೋರ್ಡಿನ ಸೆಲ್ ಮುಗಿದುಹೋಗಿತ್ತು. ಯಾರೂ ಅದನ್ನು ಗಮನಿಸಲಿಲ್ಲ. ಆ ದಿನ ಉಳಿಸಿದ ಕಡತಗಳಿಗೆಲ್ಲ ಹಳೆಯ ದಿನಾಂಕ ಬಿತ್ತು. ರಾತ್ರಿ ಪ್ರತಿ ತೆಗೆಯುವ ತಂತ್ರಾಂಶವು, ಎರಡರಲ್ಲಿ ಹೊಸದನ್ನು ಉಳಿಸಿಕೊಳ್ಳುವ ತನ್ನ ನಿಯಮದಂತೆ, ಹಿಂದಿನ ದಿನದ ಪ್ರತಿಯನ್ನೇ ಹೊಸದೆಂದು ತಿಳಿದು ಇಡೀ ದಿನದ ಕೆಲಸವನ್ನು ಅಳಿಸಿಹಾಕಿತು. ಅತ್ತಿಗೆ ಮತ್ತು ಇಬ್ಬರು ಸಹಾಯಕರು ಎರಡು ದಿನ ಕುಳಿತು ಬಿಲ್ಲುಗಳನ್ನು ಹುಡುಕಿ ತೆಗೆದು ಎಲ್ಲವನ್ನೂ ಮತ್ತೆ ನಮೂದಿಸಬೇಕಾಯಿತು.

ಸಮಯ ಹೊಂದಿಸುವ ವ್ಯವಸ್ಥೆ ಆಗಲೂ ಇತ್ತು. ಕಂಪ್ಯೂಟರ್ ಚಾಲೂ ಆಗುವಾಗ ಒಮ್ಮೆ ಹೊರಗಿನ ಸರ್ವರನ್ನು ಕೇಳಿ ಗಡಿಯಾರ ತಿದ್ದುವ ಹಳೆಯ ಕಾಲದ ಆಜ್ಞೆಯೊಂದನ್ನು ನಾನೇ ಬರೆದಿಟ್ಟಿದ್ದೆ. ಆದರೆ ಕರೆಂಟು ಬಂದಾಗ ಕಂಪ್ಯೂಟರ್ ಬೇಗ ಏಳುತ್ತದೆ, ಮೋಡೆಮ್ ತಡವಾಗಿ ಏಳುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದಾಗ ಆ ಆಜ್ಞೆ ಸುಮ್ಮನಾಯಿತು, ಮತ್ತೆ ಕೇಳಲಿಲ್ಲ. ಆ ವಾರವೇ ಅದನ್ನು ತೆಗೆದು ಕ್ರೋನಿ ಎಂಬ ತಂತ್ರಾಂಶವನ್ನು ಹಾಕಿದೆ. ಎರಡು ಮಳೆಗಾಲ ಅದರೊಡನೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಕ್ರೋನಿ ಉಚಿತವಾದ ಮುಕ್ತ ತಂತ್ರಾಂಶ. ರಿಚರ್ಡ್ ಕರ್ನೋ ಇದನ್ನು ಆರಂಭಿಸಿದರು. ಈಗ ಮಿರೋಸ್ಲಾವ್ ಲಿಖ್ವಾರ್ ನಿರ್ವಹಿಸುತ್ತಿದ್ದಾರೆ. ಕಂಪನಿಗಳು ಬಳಸುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ತನ್ನ 8ನೆಯ ಆವೃತ್ತಿಯಲ್ಲಿ, ಸಮಯ ಹೊಂದಿಸುವ ಹಳೆಯ ಎನ್‌ಟಿಪಿ ತಂತ್ರಾಂಶವನ್ನು ಕೈಬಿಟ್ಟು ಇದನ್ನೇ ಇಟ್ಟುಕೊಂಡಿತು. ಡೆಬಿಯನ್‌ನಲ್ಲಿ ಒಂದೇ ಆಜ್ಞೆಯಿಂದ ಸ್ಥಾಪಿಸಬಹುದು. ಮೊದಲಿದ್ದ ಸಮಯದ ಸೇವೆಯನ್ನು ಅದೇ ತೆಗೆದುಹಾಕುವುದರಿಂದ ಎರಡು ತಂತ್ರಾಂಶಗಳು ಒಂದೇ ಗಡಿಯಾರಕ್ಕೆ ಕಿತ್ತಾಡುವ ಪ್ರಮೇಯ ಬರುವುದಿಲ್ಲ.

ಇದು ಮಾತನಾಡುವ ಭಾಷೆ ಎನ್‌ಟಿಪಿ, ಅಂದರೆ ಡೇವಿಡ್ ಮಿಲ್ಸ್ ರೂಪಿಸಿ 1985ರಲ್ಲಿ ದಾಖಲೆಯಾಗಿ ಹೊರಬಂದ ಜಾಲಸಮಯದ ನಿಯಮಾವಳಿ. ನಮ್ಮ ಕಂಪ್ಯೂಟರ್ ಪ್ರಶ್ನೆ ಕಳಿಸಿದ ಹೊತ್ತು, ಅದು ಸರ್ವರಿಗೆ ತಲುಪಿದ ಹೊತ್ತು, ಉತ್ತರ ಹೊರಟ ಹೊತ್ತು, ಅದು ನಮಗೆ ಬಂದ ಹೊತ್ತು, ಈ ನಾಲ್ಕರಿಂದ ನಮ್ಮ ಗಡಿಯಾರ ಎಷ್ಟು ಮುಂದೆ ಅಥವಾ ಹಿಂದೆ ಇದೆಯೆಂದು ಲೆಕ್ಕ ಹಾಕಲಾಗುತ್ತದೆ. ಹೋಗುವ ದಾರಿಗೂ ಬರುವ ದಾರಿಗೂ ಸಮನಾದ ಹೊತ್ತು ಹಿಡಿಯುತ್ತದೆ ಎಂಬುದು ಈ ಲೆಕ್ಕದ ನಂಬಿಕೆ. ಹಾಗೆ ಇಲ್ಲದಿದ್ದಾಗ ತಪ್ಪು ನುಸುಳುತ್ತದೆ, ಆದರೆ ಆ ತಪ್ಪು ಹೋಗಿಬರುವ ಒಟ್ಟು ಸಮಯದ ಅರ್ಧವನ್ನು ಮೀರಲಾರದು. ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ಸಂಪರ್ಕ ಪಡೆದಾಗ ಅಂಕಿಗಳು ಏಕೆ ಕುಣಿಯುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಕ್ರೋನಿಯನ್ನು ನಾನು ಮೆಚ್ಚಿಕೊಂಡದ್ದು ಸಮಯ ತಿದ್ದುತ್ತದೆ ಎಂಬ ಕಾರಣಕ್ಕಲ್ಲ, ನಮ್ಮ ಗಡಿಯಾರದ ಗುಣವನ್ನು ಕಲಿಯುತ್ತದೆ ಎಂಬ ಕಾರಣಕ್ಕೆ. ಕಂಪ್ಯೂಟರಿನ ಸಮಯ ಒಂದು ಕ್ವಾರ್ಟ್ಜ್ ಹರಳಿನ ಕಂಪನವನ್ನು ಆಧರಿಸಿದೆ, ಮತ್ತು ಪ್ರತಿ ಹರಳೂ ತನ್ನದೇ ಆದ ಪ್ರಮಾಣದಲ್ಲಿ ಬೇಗವಾಗಿಯೋ ನಿಧಾನವಾಗಿಯೋ ಓಡುತ್ತದೆ. ನಮ್ಮ ಡೆಸ್ಕ್‌ಟಾಪಿನ ಗಡಿಯಾರ ಹತ್ತು ಲಕ್ಷಕ್ಕೆ 23 ಪಾಲಿನಷ್ಟು ವೇಗವಾಗಿ ಓಡುತ್ತದೆ ಎಂದು ಕ್ರೋನಿ ಒಂದೇ ದಿನದಲ್ಲಿ ಅಳೆದು ಹೇಳಿತು. ಕೇಳುವುದಕ್ಕೆ ಇದು ಚಿಕ್ಕದು, ಆದರೆ ದಿನಕ್ಕೆ ಸುಮಾರು 2 ಸೆಕೆಂಡು, ತಿಂಗಳಿಗೆ ಒಂದು ನಿಮಿಷ. ಈ ಅಂಕಿಯನ್ನು ಅದು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಆರಿ ಮತ್ತೆ ಚಾಲೂ ಆದಾಗ ಕಲಿತದ್ದನ್ನು ಅಲ್ಲಿಂದಲೇ ಮುಂದುವರಿಸುತ್ತದೆ. ಹೀಗಾಗಿ ಜೋರು ಗಾಳಿಗೆ ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿ ಅಂತರ್ಜಾಲ ಹೋದರೂ, ಹೊರಗೆ ಯಾರನ್ನೂ ಕೇಳದೆಯೇ ಗಡಿಯಾರದ ಓಟವನ್ನು ಅಷ್ಟರ ಮಟ್ಟಿಗೆ ಹಿಡಿದಿಟ್ಟಿರುತ್ತದೆ. ಅರ್ಧ ದಿನ ಸಂಪರ್ಕವಿಲ್ಲದಿದ್ದಾಗ ನಮ್ಮ ಯಂತ್ರ ಸುಮ್ಮನೆ ಬಿಟ್ಟರೆ ಒಂದು ಸೆಕೆಂಡು ಮುಂದೆ ಹೋಗಬೇಕು. ಕ್ರೋನಿ ಇರುವಾಗ ವ್ಯತ್ಯಾಸ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ದಾಟಿದ್ದನ್ನು ನಾನು ಕಂಡಿಲ್ಲ. ಶೆಖೆ ಮತ್ತು ಚಳಿಗೆ ಹರಳಿನ ವೇಗ ತುಸು ಬದಲಾಗುತ್ತದೆ; ಏಪ್ರಿಲಿನ ಅಂಕಿಯೂ ಜುಲೈನ ಅಂಕಿಯೂ ಒಂದೇ ಇರುವುದಿಲ್ಲ, ಅದನ್ನೂ ಇದು ಹಿಂಬಾಲಿಸಿಕೊಂಡು ಹೋಗುತ್ತದೆ.

ತಿದ್ದುವ ರೀತಿಯಲ್ಲೂ ವಿವೇಕವಿದೆ. ಡೆಬಿಯನ್ ಕೊಡುವ ಸಿದ್ಧ ಹೊಂದಿಕೆಯಲ್ಲಿ, ಕ್ರೋನಿ ಚಾಲೂ ಆದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ ಒಂದು ಸೆಕೆಂಡಿಗಿಂತ ದೊಡ್ಡ ವ್ಯತ್ಯಾಸವನ್ನು ಒಂದೇ ನೆಗೆತದಲ್ಲಿ ಸರಿಪಡಿಸುತ್ತದೆ. ಈ ಮೂರು ಎಂಬುದು ಹೊತ್ತಿನ ಲೆಕ್ಕವಲ್ಲ, ತಿದ್ದುಪಡಿಗಳ ಲೆಕ್ಕ. ಮೋಡೆಮ್ ಹತ್ತು ನಿಮಿಷ ತಡವಾಗಿ ಎದ್ದರೂ ಅವಕಾಶ ಹಾಗೆಯೇ ಕಾದಿರುತ್ತದೆ. ನನ್ನ ಹಳೆಯ ಆಜ್ಞೆ ಸೋತದ್ದು ಸರಿಯಾಗಿ ಇಲ್ಲಿಯೇ. ಆಮೇಲೆ ಎಂದೂ ನೆಗೆಯುವುದಿಲ್ಲ, ಗಡಿಯಾರವನ್ನು ತುಸು ವೇಗವಾಗಿಯೋ ನಿಧಾನವಾಗಿಯೋ ಓಡಿಸಿ ಸರಿದಾರಿಗೆ ತರುತ್ತದೆ, ಆದ್ದರಿಂದ ಎರಡು ನಮೂದುಗಳ ಅನುಕ್ರಮ ತಲೆಕೆಳಗಾಗುವುದಿಲ್ಲ. ಆದರೆ ಲಿನಕ್ಸಿನಲ್ಲಿ ಈ ಸರಿಸುವಿಕೆಯ ಗರಿಷ್ಠ ವೇಗ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ನಡುವೆ ಯಾರಾದರೂ ಕೈಯಿಂದ ಗಡಿಯಾರವನ್ನು ಒಂದು ಗಂಟೆ ತಪ್ಪಿಸಿದರೆ, ಅದು ತಾನಾಗಿ ಸರಿಯಾಗಲು ಹನ್ನೆರಡು ಗಂಟೆ ಬೇಕು. ಆಗ ಕೈಯಾರೆ ಒಂದು ಆಜ್ಞೆ ಕೊಟ್ಟು ನೆಗೆಸಬೇಕಾಗುತ್ತದೆ. ಹೊಸಬರು ಇದನ್ನು ತಂತ್ರಾಂಶದ ಸೋಲೆಂದು ತಿಳಿಯುವ ಸಂಭವವಿದೆ, ಕೈಪಿಡಿ ಇದನ್ನು ಇನ್ನಷ್ಟು ಎದ್ದುಕಾಣುವಂತೆ ಹೇಳಬೇಕಿತ್ತು.

ಯಾರನ್ನು ಕೇಳಬೇಕು ಎಂಬುದನ್ನು ನಾವೇ ಆರಿಸಬೇಕು. ಭಾರತೀಯ ಪ್ರಮಾಣ ಸಮಯವನ್ನು ಕಾಯುವುದು ಹೊಸದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರ ಸಾರ್ವಜನಿಕ ಸರ್ವರಿನ ಹೆಸರು ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಸೇವಾದಾತರು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಮಯ ಸರ್ವರುಗಳಿಗೆ, ಇಲ್ಲವೇ ಅವುಗಳ ಸಮಯವನ್ನೇ ಅನುಸರಿಸುವ ಸರ್ವರುಗಳಿಗೆ ಹೊಂದಿಕೊಂಡಿರಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ನಾನು ಪ್ರಯೋಗಾಲಯದ ಸರ್ವರಿನ ಜೊತೆಗೆ ಬೇರೆ ಮೂರನ್ನು ಸೇರಿಸಿದ್ದೇನೆ. ಎರಡೇ ಇದ್ದು ಅವು ಬೇರೆ ಬೇರೆ ಹೇಳಿದರೆ ಯಾವುದು ಸರಿಯೆಂದು ಯಾರಿಗೂ ಗೊತ್ತಾಗದು. ಮೂರಿದ್ದರೆ ಬಹುಮತ ಸಿಗುತ್ತದೆ, ನಾಲ್ಕಿದ್ದರೆ ಒಂದು ಕೈಕೊಟ್ಟಾಗಲೂ ಆ ಬಹುಮತ ಉಳಿಯುತ್ತದೆ. ‘ಕ್ರೋನಿಸಿ ಸೋರ್ಸಸ್’ ಎಂಬ ಆಜ್ಞೆ ಕೊಟ್ಟರೆ ಈಗ ಅನುಸರಿಸುತ್ತಿರುವ ಸರ್ವರಿನ ಮುಂದೆ ನಕ್ಷತ್ರದ ಗುರುತೂ, ಉಳಿದವರೊಡನೆ ಹೊಂದದೆ ಸುಳ್ಳು ಹೇಳುತ್ತಿರುವ ಸರ್ವರಿನ ಮುಂದೆ ಕತ್ತರಿಯಂಥ ಗುರುತೂ ಕಾಣುತ್ತವೆ.

ಸಾಮಾನ್ಯ ಎನ್‌ಟಿಪಿ ಉತ್ತರಕ್ಕೆ ಮೊಹರು ಇರುವುದಿಲ್ಲ. ದಾರಿಯಲ್ಲಿ ಯಾರಾದರೂ ಅದನ್ನು ತಿದ್ದಬಹುದು. 2020ರಲ್ಲಿ ಬಂದ 4.0 ಆವೃತ್ತಿಯಿಂದ ಕ್ರೋನಿಗೆ ಎನ್‌ಟಿಎಸ್ ಎಂಬ ಭದ್ರತೆಯ ಬೆಂಬಲವಿದೆ. ಇಲ್ಲೊಂದು ತೊಡಕಿದೆ: ಭದ್ರತೆಯ ಪ್ರಮಾಣಪತ್ರವನ್ನು ಪರೀಕ್ಷಿಸಬೇಕಾದರೆ ಇವತ್ತಿನ ದಿನಾಂಕ ತಿಳಿದಿರಬೇಕು, ನಮ್ಮಂತೆ ಸೆಲ್ ಸತ್ತ ಯಂತ್ರಕ್ಕೆ ಅದೇ ತಿಳಿದಿರುವುದಿಲ್ಲ. ಮೊದಲ ಬಾರಿ ಮಾತ್ರ ಪ್ರಮಾಣಪತ್ರದ ಅವಧಿಯನ್ನು ನೋಡದಿರು ಎಂದು ಹೇಳುವ ಸೌಲಭ್ಯವಿದ್ದರೂ, ಅದರಿಂದ ಭದ್ರತೆ ಅಷ್ಟು ಸಡಿಲವಾಗುತ್ತದೆ. ನಾನು ಅದನ್ನು ಬಳಸಲಿಲ್ಲ, ಸೆಲ್ ಬದಲಿಸಿದೆ.

ಉಳಿದ ಮೂರು ಕಂಪ್ಯೂಟರುಗಳ ಮಾತು. ಕ್ರೋನಿಗೆ ವಿಂಡೋಸ್ ಆವೃತ್ತಿ ಇಲ್ಲ; ಕನ್ನಡನಾಡಿನ ಸಣ್ಣ ಕಚೇರಿಗಳ ಮಟ್ಟಿಗೆ ಇದು ದೊಡ್ಡ ಕೊರತೆಯೆಂದೇ ಹೇಳಬೇಕು. ಆದರೆ ಅದು ತಾನೇ ಸರ್ವರ್ ಆಗಿ ಬೇರೆಯವರಿಗೆ ಸಮಯ ಹೇಳಬಲ್ಲದು. ಹೊಂದಿಕೆಯ ಕಡತದಲ್ಲಿ ಕಚೇರಿಯ ಜಾಲಕ್ಕೆ ಅನುಮತಿ ಕೊಡುವ ಒಂದು ಸಾಲನ್ನೂ, ಹೊರಗಿನ ಸಂಪರ್ಕ ಕಡಿದಾಗಲೂ ಒಳಗಿನವರಿಗೆ ಉತ್ತರ ಕೊಡುತ್ತಿರು ಎನ್ನುವ ಇನ್ನೊಂದು ಸಾಲನ್ನೂ ಸೇರಿಸಿ, ವಿಂಡೋಸ್ ಯಂತ್ರಗಳ ಸಮಯದ ಸೇವೆಗೆ ಈ ಡೆಸ್ಕ್‌ಟಾಪಿನ ವಿಳಾಸ ಕೊಟ್ಟೆ. ಈಗ ಇಡೀ ಊರಿಗೆ ನೆಟ್ ಇಲ್ಲದ ದಿನವೂ ನಾಲ್ಕೂ ಕಂಪ್ಯೂಟರುಗಳು ಒಂದೇ ಹೊತ್ತು ತೋರಿಸುತ್ತವೆ. ಕಡತಗಳ ಹೊಸ ಪ್ರತಿ ಯಾವುದು, ಹಳೆಯದು ಯಾವುದು ಎಂದು ನಿರ್ಧರಿಸಲು ಬೇಕಾದದ್ದು ಇದೇ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಒಂದು ಸೂಚನೆ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತಿದ್ದರೆ ಕ್ರೋನಿಯನ್ನು ಶಂಕಿಸಬೇಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಬರೆಯುತ್ತದೆ, ಲಿನಕ್ಸ್ ಜಾಗತಿಕ ಸಮಯ ಬರೆಯುತ್ತದೆ. ಎರಡಕ್ಕೂ ಒಂದೇ ಪದ್ಧತಿ ಹೇಳಿಕೊಟ್ಟರೆ ಸರಿಹೋಗುತ್ತದೆ.

ನನ್ನ ದೂರುಗಳಲ್ಲಿ ಮುಖ್ಯವಾದದ್ದು ಇದರ ಮೌನ. ನಾಲ್ಕೂ ಸರ್ವರುಗಳು ಸಿಗದೆ ದಿನಗಟ್ಟಲೆ ಕಳೆದರೂ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುವುದಿಲ್ಲ, ನಾವೇ ಹೋಗಿ ಕೇಳಬೇಕು. ಹೊಂದಿಕೆಯೆಲ್ಲ ಇಂಗ್ಲಿಷಿನ ಪಠ್ಯಕಡತದಲ್ಲಿದೆ, ಗುಂಡಿ ಒತ್ತಿ ಮುಗಿಸುವಂತಿಲ್ಲ, ಅಣ್ಣನಂಥವರು ತಾವಾಗಿ ಅದನ್ನು ಮುಟ್ಟಲಾರರು. ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದು ನೆಟ್ ಸದಾ ಇರುವವರಿಗೆ ಲಿನಕ್ಸಿನ ಜೊತೆಗೇ ಬರುವ ಸರಳ ಸೇವೆ ಸಾಕು. ಹಲವು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡಿರುವ, ಕರೆಂಟೂ ನೆಟ್ಟೂ ಹೇಳದೆ ಹೋಗುವ ಕಚೇರಿಗೆ ಮಾತ್ರ ನಾನು ಕ್ರೋನಿಯನ್ನೇ ಹೇಳುತ್ತೇನೆ. ಅದನ್ನು ಹಾಕುವ ದಿನವೇ ಮದರ್‌ಬೋರ್ಡಿನ ಸಿಆರ್ 2032 ಸೆಲ್ಲನ್ನೂ ಬದಲಿಸಿ: ಕ್ರೋನಿ ತಿದ್ದಿದ ಸಮಯವನ್ನು ಲಿನಕ್ಸ್ 11 ನಿಮಿಷಕ್ಕೊಮ್ಮೆ ಆ ಗಡಿಯಾರಕ್ಕೆ ದಾಟಿಸುತ್ತದೆ, ಕರೆಂಟು ಹೋದ ರಾತ್ರಿಯಲ್ಲಿ ಅದನ್ನು ಉಳಿಸುವುದು ಆ ಸೆಲ್ ಒಂದೇ.