ಬಚ್ಚಲೊಲೆಗೆ ಕಟ್ಟಿಗೆ ಪೆಲೆಟ್: ಬಿಲ್ಲಿನಲ್ಲಿ ಕಾಣದ ಖರ್ಚುಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪವಿರುವ ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯಿಸಲು ಫ್ಯಾನ್ ಇರುವ, ಪೆಲೆಟ್ (ಮರದ ಹುಡಿಯನ್ನು ಒತ್ತಿ ಮಾಡಿದ ಸಣ್ಣ ತುಂಡುಗಳು) ಉರಿಸುವ ಒಲೆಯನ್ನು ಬಳಸತೊಡಗಿ ಕೆಲವು ಮಳೆಗಾಲಗಳೇ ಕಳೆದಿವೆ. ಒಲೆಯ ಗುಣದ ಬಗ್ಗೆ ನನಗೆ ತಕರಾರಿಲ್ಲ. ಚೆನ್ನಾಗಿ ಹೊತ್ತಿಕೊಂಡ ಮೇಲೆ ಹೊಗೆ ಬಹಳ ಕಡಿಮೆ, ಹಂಡೆಗೆ ಮಸಿ ಹಿಡಿಯುವುದೂ ಕಡಿಮೆ, ಬೆಳಗ್ಗೆ ಒಲೆ ಹಚ್ಚುವ ಅತ್ತೆಯವರಿಗೆ ಕಣ್ಣುರಿ ತಪ್ಪಿದೆ. ಆದರೆ ಕೊಳ್ಳುವವರು ಕಿಲೋ ದರವನ್ನಷ್ಟೇ ನೋಡಿ ತೀರ್ಮಾನಿಸಬಾರದು.

50 ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು 1000 ಕಿಲೋಕ್ಯಾಲರಿ ಶಾಖ ಬೇಕು. ಮರದ ಹುಡಿಯ ಒಳ್ಳೆಯ ಪೆಲೆಟ್ ಕಿಲೋಗೆ ಸುಮಾರು 4000 ಕಿಲೋಕ್ಯಾಲರಿ ಕೊಟ್ಟರೂ, ಅದರ ಮೂರನೆಯ ಒಂದು ಭಾಗ ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ ಮುಕ್ಕಾಲು ಕಿಲೋ ಉರಿಸಬೇಕಾಗುತ್ತದೆ. ಅಷ್ಟೇ ನೀರಿಗೆ ಗೀಸರ್ ಹೆಚ್ಚುಕಡಿಮೆ ಒಂದೂಕಾಲು ಯೂನಿಟ್ ತೆಗೆದುಕೊಳ್ಳುತ್ತದೆ. ಇವೆರಡನ್ನು ಹೋಲಿಸುವಾಗ ಪೆಲೆಟ್ ಮನೆಗೆ ಮುಟ್ಟುವ ದರವನ್ನು ಹಿಡಿಯಬೇಕು: ಮಂಗಳೂರಿನ ಕಡೆಯಿಂದ ಬರುವ ಚೀಲಗಳಿಗೆ ಪಿಕಪ್ ಬಾಡಿಗೆ, ಇಳಿಸುವ ಕೂಲಿ ಸೇರಿದಾಗ ನಮಗೆ ಬೆಲೆ ಕಾಲು ಭಾಗದಷ್ಟು ಏರುತ್ತದೆ. ಬಾಡಿಗೆ ಹಂಚಿಹೋಗಲೆಂದು ಹೆಚ್ಚು ತರಿಸಿದರೆ ಎಲ್ಲಿ ಇಡುವುದೆಂಬ ತೊಂದರೆ ಶುರು.

ನಮ್ಮ ಕಡೆ ಅತಿ ದೊಡ್ಡ ಖರ್ಚು ಈ ದಾಸ್ತಾನಿನದೇ. ಪೆಲೆಟ್ ಒತ್ತಿ ಗಟ್ಟಿ ಮಾಡಿದ ಹುಡಿಯಷ್ಟೇ. ಮರದೊಳಗಿನ ಲಿಗ್ನಿನ್ ಎಂಬ ಅಂಶವೇ ಅದಕ್ಕೆ ಅಂಟು. ತೇವ ತಾಗಿದರೆ ಅದು ಉಬ್ಬಿ ಬಿಚ್ಚಿಕೊಳ್ಳುತ್ತದೆ. ಆಟಿಯ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಬಾಯಿ ತೆರೆದಿಟ್ಟ ಚೀಲಕ್ಕೆ ಕೈಹಾಕಿದರೆ ಮೇಲಿನ ಪದರ ಬೆರಳಿಗೆ ಮೆತ್ತಗೆ ಸಿಗುತ್ತದೆ, ಹಿಚುಕಿದರೆ ಹುಡಿಯಾಗುತ್ತದೆ. ಆ ಹುಡಿ ಒಲೆಯ ಗಾಳಿತೂತುಗಳನ್ನು ಮುಚ್ಚಿ, ಯಾವ ಹೊಗೆ ತಪ್ಪಲೆಂದು ಒಲೆ ಕೊಂಡೆವೋ ಆ ಹೊಗೆಯನ್ನೇ ಎಬ್ಬಿಸುತ್ತದೆ. ಬಿಗಿ ಮುಚ್ಚಳದ ಡ್ರಮ್ಮುಗಳು, ಅವನ್ನು ನೆಲದಿಂದ ಎತ್ತಿಡಲು ಹಲಗೆ, ಅಡಿಕೆ ಚೀಲಗಳಿಗೆಂದು ಇದ್ದ ಜಾಗ, ಇವೆಲ್ಲವೂ ಪೆಲೆಟ್‌ನ ಬೆಲೆಗೆ ಸೇರಬೇಕಾದವು.

ಫ್ಯಾನ್ ತಿನ್ನುವ ಕರೆಂಟು ಅತ್ಯಲ್ಪ. ಆದರೆ ಗಾಳಿಮಳೆಗೆ ಕರೆಂಟು ಹೋದಾಗ ಗಾಳಿ ನಿಂತು ಬೆಂಕಿ ಹೊಗೆಯಾಡತೊಡಗುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡರೆ ಜೀವಕ್ಕೇ ಅಪಾಯ. ಆದ್ದರಿಂದ ಫ್ಯಾನಿಗೆ ಸಣ್ಣ ಬ್ಯಾಟರಿಯೂ ಗೋಡೆಯ ಮೇಲ್ಭಾಗದಲ್ಲಿ ಸದಾ ತೆರೆದಿರುವ ಕಿಂಡಿಯೂ ಕಡ್ಡಾಯವೆಂದೇ ತಿಳಿಯಿರಿ.

ಅಗ್ಗಕ್ಕೆ ಸಿಗುತ್ತದೆಂದು ಭತ್ತದ ಹೊಟ್ಟು ಬೆರೆಸಿದ ಪೆಲೆಟ್ ತರಿಸಬೇಡಿ. ಹೊಟ್ಟಿನಲ್ಲಿ ಶೇಕಡಾ 15ರಿಂದ 20ರಷ್ಟು ಬೂದಿಯೇ ಇರುತ್ತದೆ, ಅದರ ಬಹುಪಾಲು ಸಿಲಿಕಾ. ಒಲೆಯ ಜಾಲರಿಯಲ್ಲಿ ಬೂದಿ ತುಂಬಿ ಗಾಳಿ ಕಟ್ಟುತ್ತದೆ, ಉರಿಯುತ್ತಿರುವಾಗಲೇ ಕೆದಕಬೇಕಾಗುತ್ತದೆ. ನಮ್ಮ ಒಲೆಯ ಜಾಲರಿಯನ್ನು ಈಗಾಗಲೇ ಬದಲಿಸಿದ್ದೇವೆ, ಬಿಡಿಭಾಗಕ್ಕೆ ಮಾರಿದವರನ್ನು ಮತ್ತೆಮತ್ತೆ ಕೇಳಬೇಕಾಯಿತು.

ಪೇಟೆಯಲ್ಲಿದ್ದು ಕಟ್ಟಿಗೆಯನ್ನೂ ದುಡ್ಡು ಕೊಟ್ಟೇ ತರುವವರಿಗೆ, ಒಣ ಜಾಗವಿದ್ದರೆ, ಈ ಒಲೆ ಹೊಂದೀತು. ತೋಟವಿರುವ ಮನೆಗೆ ಉಳಿತಾಯದ ಆಸೆಯಿಂದ ಕೊಳ್ಳಲು ನಾನು ಹೇಳಲಾರೆ, ಹಿರಿಯರ ಕಣ್ಣಿಗೂ ಉಸಿರಿಗೂ ಆಗುವ ಉಪಕಾರಕ್ಕಾಗಿ ಕೊಳ್ಳಬಹುದು. ನಾವೀಗ ಮೇ ತಿಂಗಳಲ್ಲಿ ಡ್ರಮ್ಮು ತುಂಬುವಷ್ಟನ್ನೇ ತರಿಸಿ, ಕಟ್ಟಿಗೆ ಹಸಿಯಾಗಿರುವ ಮಳೆಗಾಲಕ್ಕೆಂದೇ ಬಳಸುತ್ತೇವೆ. ಉಳಿದ ತಿಂಗಳುಗಳಿಗೆ ತೋಟದ ತೆಂಗಿನ ಗೆರಟೆ, ಮಡಲು, ಕೊತ್ತಳಿಗೆಗಳು ಸಾಲುತ್ತವೆ.