ಗರ್ಭಕೋಶ ತೆಗೆಸಿ ಅಂದರೆ ಅವತ್ತೇ ಒಪ್ಪಿಕೊಳ್ಳಬೇಡಿ

ಮುಟ್ಟಿನ ಸ್ರಾವ ಜಾಸ್ತಿ ಅಂತ ಹೋದಾಗ ಡಾಕ್ಟರು ಗರ್ಭಕೋಶ ತೆಗೆಸಲು ಹೇಳಿದ್ದಾರಾ? ಅಡ್ವಾನ್ಸ್ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ.

ನನ್ನ ಅಕ್ಕನಿಗೆ ಆಗ 38 ವರ್ಷ. ಪ್ರತಿ ತಿಂಗಳು ಎಂಟ್ಹತ್ತು ದಿನ ಸ್ರಾವ, ವಿಪರೀತ ಸುಸ್ತು. ಪೇಟೆಯ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದಳು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ 3 ಸೆಂಟಿಮೀಟರಿನ ಫೈಬ್ರಾಯ್ಡ್, ಅಂದರೆ ಮಾಂಸದ ಗಡ್ಡೆ, ಕಂಡಿತು. "ನೋಡಮ್ಮ, ಮಕ್ಕಳಾಗಿವೆ, ಇನ್ನು ಗರ್ಭಕೋಶ ಇಟ್ಕೊಂಡು ಏನ್ಮಾಡ್ತೀರಿ? ಬಿಟ್ರೆ ಕ್ಯಾನ್ಸರಿಗೆ ತಿರುಗುತ್ತೆ" ಅಂದರು. ಕ್ಯಾನ್ಸರ್ ಅಂದ ಮೇಲೆ ಮನೆಯಲ್ಲಿ ಯಾರು ಬೇಡ ಅನ್ನುತ್ತಾರೆ? ಅದೇ ವಾರ ಆಪರೇಷನ್ ಆಯಿತು.

ಹೊಲಿಗೆ ಮಾಯಿತು, ಆದರೆ ಅಕ್ಕ ಮೊದಲಿನಂತಾಗಲಿಲ್ಲ. ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಜೋರಾಗಿ ತಿರುಗಬೇಕು. ರಾತ್ರಿ ಬೆವರಿ ದಿಂಬೆಲ್ಲ ಒದ್ದೆ. ನಿದ್ದೆ ಇಲ್ಲ, ಕೀಲು ನೋವು, ಸುಮ್ನೆ ಕೂತಲ್ಲೇ ಅಳು. ಡಿಸ್ಚಾರ್ಜ್ ಶೀಟ್ ಓದಿದಾಗ ಕಾರಣ ಗೊತ್ತಾಯಿತು. ಗರ್ಭಕೋಶದ ಜೊತೆ, ಹೆಣ್ಣಿನ ಹಾರ್ಮೋನ್ ತಯಾರಿಸುವ ಎರಡೂ ಅಂಡಾಶಯ ತೆಗೆದಿದ್ದರು; ಹಾಗಾಗಿ ಒಮ್ಮೆಲೇ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಶುರುವಾಗಿದ್ದವು. ಅಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಸಹಿ ಹಾಕಿಸಿಕೊಂಡ ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರಿನ ಸುಳಿವೂ ಇಲ್ಲ.

ನಮ್ಮ ಚಿಕ್ಕಪ್ಪನ ಸೊಸೆಗೂ ಹೆಚ್ಚುಕಡಿಮೆ ಇದೇ ವಯಸ್ಸು, ಇದೇ ತೊಂದರೆ, ಅಷ್ಟೇ ಗಾತ್ರದ ಗಡ್ಡೆ. ಅವಳು ಹೋಗಿದ್ದು ಮೈಸೂರಿನ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಮೊದಲು ಮಾತ್ರೆ ಕೊಟ್ಟರು, ಆಮೇಲೆ ಕಾಪರ್ ಟಿ ಥರದ, ಹಾರ್ಮೋನ್ ಇರುವ ಸಾಧನ ಹಾಕಿದರು. ಕೆಲವೇ ತಿಂಗಳಲ್ಲಿ ಸ್ರಾವ ಹತೋಟಿಗೆ ಬಂತು. ಒಂದೇ ಕಾಯಿಲೆ, ಆದರೆ ಯಾವ ಬಾಗಿಲು ತಟ್ಟಿದರು ಅನ್ನುವುದರ ಮೇಲೆ ಚಿಕಿತ್ಸೆ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಗರ್ಭಕೋಶ ತೆಗೆಯಲಾಗಿದೆ. ಪಕ್ಕದ ಆಂಧ್ರ, ತೆಲಂಗಾಣದಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ. ಗಡಿ ದಾಟಿದರೆ ಹೆಂಗಸರ ದೇಹ ಬದಲಾಗುತ್ತಾ? ಬೇಡದ ಆಪರೇಷನ್‌ಗಳ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2023ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶವಾಯಿತು.

ಫೈಬ್ರಾಯ್ಡ್ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಕೆಲವರಿಗೆ ಆಪರೇಷನ್ ನಿಜಕ್ಕೂ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ತುರ್ತು ಇಲ್ಲದಿದ್ದರೆ ಸ್ಕ್ಯಾನ್ ವರದಿ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ಇನ್ನೂ ಒಳ್ಳೆಯದು. ಮಾತ್ರೆಯಲ್ಲಿ ಯಾಕೆ ಆಗಲ್ಲ, ಅಂಡಾಶಯ ಉಳಿಸುತ್ತೀರಾ ಅಂತ ನೇರವಾಗಿ ಕೇಳಿ. ಫಾರಂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ.

ಈಗಾಗಲೇ ಆಪರೇಷನ್ ಆಗಿದೆಯಾ? ಹಾಗಾದರೆ ದಾಖಲೆ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮವೇ ಇದೆ. 45 ವರ್ಷಕ್ಕೆ ಮೊದಲೇ ಎರಡೂ ಅಂಡಾಶಯ ತೆಗೆದಿದ್ದರೆ ಮೂಳೆ ಸವೆತದ ಪರೀಕ್ಷೆ, ಹಾರ್ಮೋನ್ ಚಿಕಿತ್ಸೆ ಬಗ್ಗೆ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕೇಳಿ. ಅಕ್ಕನಿಗೆ ಇದನ್ನು ಹೇಳುವವರು ಸಿಗುವ ಹೊತ್ತಿಗೆ ತುಂಬಾ ತಡವಾಗಿತ್ತು.